ಮೂರನೆಯವರಿಗೂ ತೆರೆದ ಬಾಗಿಲು: ವಿಶ್ವಕಪ್ ಗುಂಪು ಹಂತದ ಹೊಸ ಲೆಕ್ಕ

2022ರಲ್ಲಿ ಕತಾರ್‌ನಲ್ಲಿ ನಡೆದ ವಿಶ್ವಕಪ್ ಫುಟ್ಬಾಲ್‌ನ ಗುಂಪು ಹಂತದಲ್ಲಿ 48 ಪಂದ್ಯಗಳಿದ್ದವು. ಅವು ಮುಗಿಯುವ ಹೊತ್ತಿಗೆ 32 ತಂಡಗಳಲ್ಲಿ 16 ಮನೆಗೆ ಮರಳಿದ್ದವು. ಅಮೆರಿಕ, ಮೆಕ್ಸಿಕೊ ಮತ್ತು ಕೆನಡಾ ಜಂಟಿಯಾಗಿ ನಡೆಸುವ 2026ರ ವಿಶ್ವಕಪ್‌ನಲ್ಲಿ ತಂಡಗಳು 48, ಗುಂಪು ಹಂತದ ಪಂದ್ಯಗಳು 72. ಹೊರಬೀಳುವ ತಂಡಗಳು ಮಾತ್ರ ಮತ್ತೆ ಅದೇ 16. ಇಪ್ಪತ್ನಾಲ್ಕು ಪಂದ್ಯಗಳನ್ನು ಹೆಚ್ಚಿಗೆ ಆಡಿಸಿದರೂ ಒಂದೇ ಒಂದು ತಂಡ ಹೆಚ್ಚಿಗೆ ಹೊರಹೋಗುವುದಿಲ್ಲ. ಇದಕ್ಕೆ ಕಾರಣ ಮೂರನೇ ಸ್ಥಾನ. ಹನ್ನೆರಡು ಗುಂಪುಗಳಲ್ಲಿ ಮೂರನೆಯವರಾಗಿ ಮುಗಿಸುವ ಹನ್ನೆರಡು ತಂಡಗಳ ಪೈಕಿ ಎಂಟಕ್ಕೆ ಮುಂದಿನ ಸುತ್ತಿನ ಬಾಗಿಲು ತೆರೆದಿದೆ.

ಇದನ್ನು ಉದಾರತೆಯೆಂದು ಹೊಗಳುವವರು ಅನೇಕರಿದ್ದಾರೆ, ಅವರ ವಾದದಲ್ಲಿ ಹುರುಳೂ ಇದೆ. ಆದರೆ ಫುಟ್ಬಾಲ್ ನಲವತ್ತು ವರ್ಷಗಳ ಹಿಂದೆ ಅವಮಾನಪಟ್ಟು ಸರಿಪಡಿಸಿಕೊಂಡ ಒಂದು ಅನ್ಯಾಯ ಈ ಬಾಗಿಲಿನ ಮೂಲಕವೇ ಒಳಗೆ ಬರುತ್ತಿದೆ ಎಂಬುದು ನನ್ನ ಆತಂಕ. ಅದು ಅರ್ಥವಾಗಬೇಕಾದರೆ ಮೊದಲು ಅಂಕಪಟ್ಟಿಯ ಲೆಕ್ಕ ಬಿಡಿಸಿಕೊಳ್ಳಬೇಕು.

ಒಂದು ಗುಂಪಿನಲ್ಲಿ ನಾಲ್ಕು ತಂಡಗಳು. ಪ್ರತಿ ತಂಡವೂ ಉಳಿದ ಮೂರರೊಡನೆ ಒಮ್ಮೆ ಆಡುತ್ತದೆ, ಒಟ್ಟು ಆರು ಪಂದ್ಯ. ಗೆದ್ದರೆ ಮೂರು ಅಂಕ, ಡ್ರಾ ಆದರೆ ತಲಾ ಒಂದು, ಸೋತರೆ ಸೊನ್ನೆ. ವಿಶ್ವಕಪ್‌ನಲ್ಲಿ ಗೆಲುವಿಗೆ ಮೂರು ಅಂಕ ಕೊಡುವ ಪದ್ಧತಿ ಆರಂಭವಾದದ್ದು 1994ರಲ್ಲಿ. ಅದಕ್ಕೆ ಮೊದಲು ಎರಡೇ ಅಂಕ ಸಿಗುತ್ತಿತ್ತು. ಮೊದಲ ಎರಡು ಸ್ಥಾನದ ತಂಡಗಳು ನೇರವಾಗಿ ಮುಂದಕ್ಕೆ ಹೋಗುತ್ತವೆ. ಇಷ್ಟರ ಮಟ್ಟಿಗೆ ಎಲ್ಲವೂ ಸರಳ.

ಇಷ್ಟು ಅಂಕ ಗಳಿಸಿದರೆ ಸಾಕು ಎಂದು ಮೊದಲೇ ಹೇಳಲು ಆಗದಿರುವುದೇ ತೊಡಕು. ಮೂರು ತಂಡಗಳು ಒಬ್ಬರನ್ನೊಬ್ಬರು ಚಕ್ರದಂತೆ ಸೋಲಿಸಿ, ಮೂವರೂ ನಾಲ್ಕನೆಯವರನ್ನು ಮಣಿಸಿದರೆ ಮೂವರಿಗೂ ತಲಾ ಆರು ಅಂಕ. ಆಗ ಎರಡು ಪಂದ್ಯ ಗೆದ್ದ ತಂಡವೂ ಮೂರನೇ ಸ್ಥಾನಕ್ಕೆ ಇಳಿಯುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಒಂದು ತಂಡ ಮೂರನ್ನೂ ಗೆದ್ದು, ಉಳಿದ ಮೂವರು ತಮ್ಮ ತಮ್ಮಲ್ಲಿ ಡ್ರಾ ಮಾಡಿಕೊಂಡರೆ ಎರಡೇ ಅಂಕದ ತಂಡ ಎರಡನೇ ಸ್ಥಾನ ಪಡೆಯುತ್ತದೆ. ಯುರೋಪಿನ ರಾಷ್ಟ್ರಗಳು ಆಡುವ ಯೂರೋ ಟೂರ್ನಿಯ 2024ರ ಒಂದು ಗುಂಪಿನಲ್ಲಿ ರೊಮೇನಿಯಾ, ಬೆಲ್ಜಿಯಂ, ಸ್ಲೊವಾಕಿಯಾ, ಉಕ್ರೇನ್ ನಾಲ್ಕೂ ತಲಾ ನಾಲ್ಕು ಅಂಕ ಗಳಿಸಿದವು. ಗೋಲುಗಳ ಲೆಕ್ಕದಲ್ಲಿ ಹಿಂದೆ ಬಿದ್ದ ಉಕ್ರೇನ್ ಕೊನೆಯ ಸ್ಥಾನಕ್ಕೆ ಇಳಿದು ಮನೆಗೆ ಹೋಯಿತು. ಅದೇ ಟೂರ್ನಿಯಲ್ಲಿ ಸ್ಲೊವೇನಿಯಾ ಮೂರು ಅಂಕಗಳಿಂದಲೇ ನಾಕೌಟ್‌ಗೆ ಏರಿತು.

ಅಂಕಗಳು ಸಮವಾದಾಗ

ಇಲ್ಲಿಂದ ಮುಂದೆ ನಿಯಮಪುಸ್ತಕದ ಆಳಕ್ಕೆ ಇಳಿಯಬೇಕು. 1970ರಿಂದ 2022ರವರೆಗೆ ವಿಶ್ವಕಪ್‌ನಲ್ಲಿ ಅಂಕ ಸಮವಾದ ತಂಡಗಳನ್ನು ಬೇರ್ಪಡಿಸುತ್ತಿದ್ದುದು ಮೊದಲಿಗೆ ಗೋಲು ವ್ಯತ್ಯಾಸ, ಅಂದರೆ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದರೆ ಉಳಿಯುವ ಸಂಖ್ಯೆ. ಐಪಿಎಲ್‌ನ ನೆಟ್ ರನ್ ರೇಟ್ ಬಲ್ಲವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರು ತಂಡಕ್ಕೆ ಚೆನ್ನೈಯನ್ನು ಸೋಲಿಸಿದರಷ್ಟೇ ಸಾಲದಾಗಿತ್ತು, ಕನಿಷ್ಠ 18 ರನ್‌ಗಳಿಂದ ಸೋಲಿಸಬೇಕಿತ್ತು. 27 ರನ್‌ಗಳ ಗೆಲುವು ಬಂದಾಗ ಊರಿಗೆ ಊರೇ ಕುಣಿದದ್ದು ಗೆಲುವಿಗಿಂತ ಹೆಚ್ಚಾಗಿ ಆ ಅಂತರಕ್ಕೆ.

ಗೋಲು ವ್ಯತ್ಯಾಸವೂ ಸಮವಾದರೆ ಹೊಡೆದ ಒಟ್ಟು ಗೋಲುಗಳನ್ನು ನೋಡಲಾಗುತ್ತಿತ್ತು. 1982ರಲ್ಲಿ ಇಟಲಿ ಮತ್ತು ಕ್ಯಾಮರೂನ್ ಒಂದೇ ಗುಂಪಿನಲ್ಲಿದ್ದು, ಎರಡೂ ತಮ್ಮ ಮೂರೂ ಪಂದ್ಯಗಳನ್ನು ಡ್ರಾ ಮಾಡಿಕೊಂಡವು. ಕ್ಯಾಮರೂನ್ ಹೊಡೆದದ್ದು ಒಂದು ಗೋಲು, ಇಟಲಿ ಎರಡು. ಆ ಒಂದು ಗೋಲಿನ ಬಲದಿಂದ ಮುಂದೆ ಹೋದ ಇಟಲಿ ಕಪ್ಪನ್ನೇ ಗೆದ್ದಿತು. ಒಂದೂ ಪಂದ್ಯ ಸೋಲದ ಕ್ಯಾಮರೂನ್ ಮೊದಲ ಹಂತದಲ್ಲೇ ಹೊರಬಿತ್ತು. 1990ರಲ್ಲಿ ಐರ್ಲೆಂಡ್ ಮತ್ತು ನೆದರ್ಲೆಂಡ್ಸ್ ಎಲ್ಲ ಲೆಕ್ಕದಲ್ಲೂ ಸಮವಾಗಿ ಚೀಟಿ ಎತ್ತಬೇಕಾಯಿತು. ಆಗಲೂ ಕೆಲವು ಮೂರನೆಯವರಿಗೆ ಅವಕಾಶವಿದ್ದುದರಿಂದ ಇಬ್ಬರಿಗೂ ಮುಂದಿನ ಸುತ್ತು ಖಚಿತವಾಗಿತ್ತು, ಎರಡನೇ ಸ್ಥಾನ ಯಾರದು ಎಂಬುದಷ್ಟೇ ಉಳಿದಿತ್ತು. ಅದೃಷ್ಟ ಐರ್ಲೆಂಡ್‌ಗೆ ಒಲಿದು ಅದಕ್ಕೆ ರೊಮೇನಿಯಾ ಎದುರಾಳಿಯಾಯಿತು. ನೆದರ್ಲೆಂಡ್ಸ್‌ಗೆ ಸಿಕ್ಕಿದ್ದು ಆ ವರ್ಷ ಚಾಂಪಿಯನ್ ಆದ ಪಶ್ಚಿಮ ಜರ್ಮನಿ.

ಚೀಟಿ ಎತ್ತುವ ಮುಜುಗರ ತಪ್ಪಿಸಲು, ತಪ್ಪಾಟಕ್ಕೆ ರೆಫರಿ ತೋರಿಸುವ ಕಾರ್ಡ್‌ಗಳ ಲೆಕ್ಕ ಬಂತು. ಈ ಪ್ರತ್ಯೇಕ ಲೆಕ್ಕದಲ್ಲಿ ಹಳದಿ ಕಾರ್ಡ್‌ಗೆ ಒಂದು ಅಂಕ ಕಡಿತ, ಎರಡು ಹಳದಿಯಿಂದ ಕೆಂಪಾದರೆ ಮೂರು, ನೇರ ಕೆಂಪು ಕಾರ್ಡ್‌ಗೆ ನಾಲ್ಕು, ಹಳದಿಯ ಮೇಲೆ ನೇರ ಕೆಂಪಾದರೆ ಐದು. 2018ರ ಜೂನ್ 28ರಂದು ಇದು ನಿರ್ಣಾಯಕವಾಯಿತು. ಜಪಾನ್ ಮತ್ತು ಸೆನೆಗಲ್ ತಲಾ ನಾಲ್ಕು ಅಂಕ ಗಳಿಸಿದ್ದವು, ತಲಾ ನಾಲ್ಕು ಗೋಲು ಹೊಡೆದು ನಾಲ್ಕು ಬಿಟ್ಟುಕೊಟ್ಟಿದ್ದವು, ಪರಸ್ಪರರ ಪಂದ್ಯ 2-2 ಡ್ರಾ ಆಗಿತ್ತು. ಜಪಾನ್‌ಗೆ ನಾಲ್ಕು ಹಳದಿ ಕಾರ್ಡ್, ಸೆನೆಗಲ್‌ಗೆ ಆರು. ವೊಲ್ಗೊಗ್ರಾಡ್‌ನಲ್ಲಿ ಪೋಲೆಂಡ್ ಎದುರು 0-1ರಿಂದ ಹಿಂದಿದ್ದ ಜಪಾನ್, ಸಮಾರಾದಲ್ಲಿ ಸೆನೆಗಲ್ ಕೂಡ ಕೊಲಂಬಿಯಾಕ್ಕೆ 0-1ರಿಂದ ಸೋಲುತ್ತಿದೆ ಎಂದು ತಿಳಿದ ಮೇಲೆ ಕೊನೆಯ ಹತ್ತು ನಿಮಿಷ ಚೆಂಡನ್ನು ತನ್ನ ಅರ್ಧದಲ್ಲೇ ಸುತ್ತಾಡಿಸುತ್ತಾ ಸೋಲನ್ನು ಕಾಪಾಡಿಕೊಂಡಿತು. ಪ್ರೇಕ್ಷಕರು ಸಿಳ್ಳೆ ಹೊಡೆದು ಛೀಮಾರಿ ಹಾಕಿದರು. ಸೆನೆಗಲ್ ಒಂದು ಗೋಲು ಹೊಡೆದಿದ್ದರೂ ಜಪಾನ್ ಹೊರಬೀಳುತ್ತಿತ್ತು. ತನ್ನ ಹಣೆಬರಹವನ್ನು ಇನ್ನೊಂದು ನಗರದ ಇನ್ನೊಂದು ಪಂದ್ಯಕ್ಕೆ ಒಪ್ಪಿಸಿದ ಆ ನಿರ್ಧಾರವನ್ನು ನಾನು ಮೆಚ್ಚಲಾರೆ, ಆದರೆ ದೂರಲೂ ಆರೆ. ನಿಯಮ ಕೊಟ್ಟ ದಾರಿಯನ್ನೇ ಅವರು ಹಿಡಿದಿದ್ದರು.

ನಿಯಮ ಹೇಗೆ ಆಟವನ್ನೇ ತಲೆಕೆಳಗು ಮಾಡಬಲ್ಲದು ಎನ್ನುವುದಕ್ಕೆ ಇದಕ್ಕಿಂತ ವಿಚಿತ್ರವಾದ ಪ್ರಸಂಗ 1994ರ ಕೆರಿಬಿಯನ್ ಕಪ್‌ನ ಅರ್ಹತಾ ಸುತ್ತಿನಲ್ಲಿ ನಡೆದಿದೆ. ಗ್ರೆನಡಾವನ್ನು ಹಿಂದಿಕ್ಕಲು ಬಾರ್ಬಡೋಸ್ ಎರಡು ಗೋಲುಗಳ ಅಂತರದಿಂದ ಗೆಲ್ಲಬೇಕಿತ್ತು. ಆ ಟೂರ್ನಿಯಲ್ಲಿ ಡ್ರಾ ಎಂಬುದೇ ಇರಲಿಲ್ಲ. ಹೆಚ್ಚುವರಿ ಸಮಯದಲ್ಲಿ ಮೊದಲು ಗೋಲು ಹೊಡೆದವರು ಗೆದ್ದಂತೆ, ಮತ್ತು ಆ ಗೋಲಿಗೆ ಎರಡರ ಬೆಲೆ. 2-0 ಮುಂದಿದ್ದ ಬಾರ್ಬಡೋಸ್‌ಗೆ ಕೊನೆಯ ಹತ್ತು ನಿಮಿಷಗಳೊಳಗೆ ಗ್ರೆನಡಾ ಒಂದು ಗೋಲು ಹೊಡೆಯಿತು. 2-1ರ ಗೆಲುವು ಬಾರ್ಬಡೋಸ್‌ಗೆ ಉಪಯೋಗವಿಲ್ಲ. ಉಳಿದ ಸಮಯದಲ್ಲಿ ಇನ್ನೊಂದು ಗೋಲು ಹೊಡೆಯುವುದು ಕಷ್ಟವೆಂದು ಕಂಡ ಬಾರ್ಬಡೋಸ್ ಆಟಗಾರರು ಬೇಕೆಂದೇ ತಮ್ಮ ಬಲೆಗೇ ಚೆಂಡು ಒದ್ದು 2-2 ಮಾಡಿ ಪಂದ್ಯವನ್ನು ಹೆಚ್ಚುವರಿ ಸಮಯಕ್ಕೆ ಕೊಂಡೊಯ್ಯಲು ಹೊರಟರು. ಗ್ರೆನಡಾಕ್ಕೆ ಒಂದು ಗೋಲಿನಿಂದ ಸೋತರೂ ಸಾಕಿತ್ತಾದ್ದರಿಂದ ಅವರು ಯಾವ ಬಲೆಯಾದರೂ ಸರಿ ಎಂದು ಎರಡೂ ಕಡೆ ಓಡಿದರು. ಬಾರ್ಬಡೋಸ್ ಎರಡೂ ಬಲೆಗಳನ್ನು ಕಾಯಿತು. ಕೊನೆಗೆ ಹೆಚ್ಚುವರಿ ಸಮಯದ ಗೋಲಿನಿಂದ 4-2 ಗೆದ್ದು ಮುಂದೆ ಹೋಯಿತು. ಯಾರೂ ನಿಯಮ ಮುರಿದಿರಲಿಲ್ಲ. ನಿಯಮ ಬರೆಯುವವರು ಅತಿ ಜಾಗರೂಕರಾಗಿರಬೇಕು ಎನ್ನುವುದಕ್ಕೆ ಆ ಪಂದ್ಯವೇ ಸಾಕ್ಷಿ.

2026ರ ನಿಯಮದಲ್ಲಿ ಒಂದು ದೊಡ್ಡ ಬದಲಾವಣೆಯಾಗಿದೆ. ಅಂಕ ಸಮವಾದರೆ ಈಗ ಮೊದಲು ನೋಡುವುದು ಮುಖಾಮುಖಿಯನ್ನು: ಸಮವಾದ ತಂಡಗಳು ತಮ್ಮ ನಡುವೆ ಆಡಿದ ಪಂದ್ಯಗಳ ಅಂಕ, ಆ ಪಂದ್ಯಗಳ ಗೋಲು ವ್ಯತ್ಯಾಸ, ಆ ಪಂದ್ಯಗಳಲ್ಲಿ ಹೊಡೆದ ಗೋಲು. ಆಮೇಲೆ ಇಡೀ ಗುಂಪಿನ ಗೋಲು ವ್ಯತ್ಯಾಸ, ಒಟ್ಟು ಗೋಲು, ಕಾರ್ಡ್‌ಗಳ ಲೆಕ್ಕ. ಅದೂ ಮುಗಿದರೆ ಚೀಟಿಯ ಬದಲು ವಿಶ್ವ ಫುಟ್ಬಾಲ್ ಸಂಸ್ಥೆ ಫಿಫಾದ ಶ್ರೇಯಾಂಕ. ಯೂರೋ ಟೂರ್ನಿಯಲ್ಲಿ 1996ರಿಂದಲೂ ಮುಖಾಮುಖಿಗೇ ಮೊದಲ ಮಣೆ.

ಕೇಳಲು ಇದು ನ್ಯಾಯವಾಗಿಯೇ ಇದೆ. ನಿನ್ನನ್ನು ಸೋಲಿಸಿದವನು ನಿನಗಿಂತ ಮೇಲೆ ಇರಲಿ, ದುರ್ಬಲ ತಂಡಕ್ಕೆ ಏಳು ಗೋಲು ಹೊಡೆದದ್ದು ಆಮೇಲಿನ ಮಾತು. ಆದರೆ ಇದಕ್ಕೆ ಎರಡು ಬೆಲೆ ತೆರಬೇಕು. ಮೊದಲನೆಯದು 2004ರ ಯೂರೋದಲ್ಲಿ ಇಟಲಿ ತೆತ್ತದ್ದು. ಇಟಲಿ ಡೆನ್ಮಾರ್ಕ್‌ನೊಡನೆ 0-0, ಸ್ವೀಡನ್‌ನೊಡನೆ 1-1 ಡ್ರಾ ಮಾಡಿಕೊಂಡಿತ್ತು. ಕೊನೆಯ ದಿನ ಡೆನ್ಮಾರ್ಕ್ ಮತ್ತು ಸ್ವೀಡನ್ 2-2ರಲ್ಲಿ ಸಮ ಮಾಡಿಕೊಂಡರೆ ಇಟಲಿ ಬಲ್ಗೇರಿಯಾಕ್ಕೆ ಹತ್ತು ಗೋಲು ಹೊಡೆದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಮೂವರ ನಡುವಿನ ಪಂದ್ಯಗಳಲ್ಲಿ ಸ್ವೀಡನ್ ಮೂರು, ಡೆನ್ಮಾರ್ಕ್ ಎರಡು, ಇಟಲಿ ಒಂದೇ ಗೋಲು ಹೊಡೆದಂತಾಗುತ್ತಿತ್ತು. ಪಂದ್ಯ ಸರಿಯಾಗಿ 2-2ರಲ್ಲೇ ಮುಗಿಯಿತು. ಸ್ವೀಡನ್‌ನ ಸಮಬಲದ ಗೋಲು ಬಂದದ್ದು 89ನೇ ನಿಮಿಷದಲ್ಲಿ. ಒಪ್ಪಂದವಾಗಿತ್ತು ಎಂದು ಹೇಳಲು ಯಾವ ಆಧಾರವೂ ಇಲ್ಲ. ಆದರೆ ಐದು ಅಂಕ ಗಳಿಸಿ, ಒಂದೂ ಪಂದ್ಯ ಸೋಲದೆ ಹೊರಬಿದ್ದ ಇಟಲಿಗೆ ಕೊನೆಯ ದಿನ ತನ್ನ ಕಾಲಿನಿಂದ ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ. ಗೋಲು ವ್ಯತ್ಯಾಸ ಮೊದಲಿಗಿದ್ದರೆ ಕನಿಷ್ಠ ಪ್ರಯತ್ನಕ್ಕಾದರೂ ಅವಕಾಶವಿರುತ್ತಿತ್ತು.

ಎರಡನೆಯ ಬೆಲೆ ನೀರಸ ಪಂದ್ಯಗಳು. ಮೊದಲ ಎರಡು ಪಂದ್ಯ ಗೆದ್ದ ತಂಡ, ತನ್ನ ಅಂಕವನ್ನು ಮುಟ್ಟಬಲ್ಲವರನ್ನೆಲ್ಲ ಆಗಲೇ ಸೋಲಿಸಿದ್ದರೆ ಮೂರನೇ ಪಂದ್ಯಕ್ಕೆ ಮುಂಚೆಯೇ ಗುಂಪಿನ ಅಗ್ರಸ್ಥಾನ ಅದರದ್ದು. ಗೋಲು ವ್ಯತ್ಯಾಸದ ಕಾಲದಲ್ಲಿ ಅಂಥ ತಂಡವೂ ಎಚ್ಚರದಿಂದ ಆಡಬೇಕಿತ್ತು. ಈಗ ಅದು ಪ್ರಮುಖ ಆಟಗಾರರಿಗೆ ವಿಶ್ರಾಂತಿ ಕೊಡುತ್ತದೆ. ಅದರ ಎದುರು ಕೊನೆಗೆ ಆಡುವ ತಂಡಕ್ಕೆ ಸುಲಭದ ಅಂಕಗಳು ಸಿಗಬಹುದು. ಮೂರನೇ ಸ್ಥಾನದವರನ್ನು ಬೇರೆ ಬೇರೆ ಗುಂಪುಗಳ ನಡುವೆ ಹೋಲಿಸುವ ಟೂರ್ನಿಯಲ್ಲಿ ಹಾಗೆ ಸಿಕ್ಕ ಒಂದು ಡ್ರಾ ಇನ್ನಾವುದೋ ಗುಂಪಿನ ತಂಡವನ್ನು ಮನೆಗೆ ಕಳುಹಿಸುತ್ತದೆ.

ಅಂದ ಹಾಗೆ, 2022ರ ಅಂಕಪಟ್ಟಿಗಳಿಗೆ ಈ ಹೊಸ ನಿಯಮವನ್ನು ಅನ್ವಯಿಸಿ ನೋಡಿದರೆ ಒಂದು ಸ್ಥಾನವೂ ಬದಲಾಗುವುದಿಲ್ಲ. ಪೋಲೆಂಡ್–ಮೆಕ್ಸಿಕೊ, ಸ್ಪೇನ್–ಜರ್ಮನಿ, ದಕ್ಷಿಣ ಕೊರಿಯಾ–ಉರುಗ್ವೆ, ಈ ಮೂರು ಜೋಡಿಗಳಲ್ಲೂ ಪರಸ್ಪರರ ಪಂದ್ಯ ಡ್ರಾ ಆಗಿತ್ತು. ಆದ್ದರಿಂದ ಲೆಕ್ಕ ಮತ್ತೆ ಇಡೀ ಗುಂಪಿನ ಗೋಲು ವ್ಯತ್ಯಾಸ ಮತ್ತು ಒಟ್ಟು ಗೋಲುಗಳಿಗೇ ಮರಳುತ್ತಿತ್ತು.

ಎದುರಾಗದವರ ನಡುವೆ ಪೈಪೋಟಿ

ಈಗ ಮೂರನೇ ಸ್ಥಾನಕ್ಕೆ ಬರೋಣ. ಹನ್ನೆರಡು ತಂಡಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಅಂಕ, ಗೋಲು ವ್ಯತ್ಯಾಸ, ಹೊಡೆದ ಗೋಲು, ಕಾರ್ಡ್‌ಗಳ ಲೆಕ್ಕ, ಕೊನೆಗೆ ಫಿಫಾ ಶ್ರೇಯಾಂಕ, ಈ ಕ್ರಮದಲ್ಲಿ ಮೊದಲ ಎಂಟನ್ನು ಆರಿಸಲಾಗುತ್ತದೆ. ಇವು ಪರಸ್ಪರ ಆಡಿಯೇ ಇಲ್ಲದ ತಂಡಗಳಾದ್ದರಿಂದ ಮುಖಾಮುಖಿಯ ಪ್ರಶ್ನೆ ಇಲ್ಲಿ ಬರುವುದಿಲ್ಲ.

ಎಷ್ಟು ಅಂಕ ಬೇಕು? ಮೂರನೆಯವರಲ್ಲಿ ಮೂರರಲ್ಲಿ ಎರಡು ಪಾಲು ತಂಡಗಳು ಮುಂದೆ ಹೋಗುವ ಇದೇ ಅನುಪಾತ 24 ತಂಡಗಳ ಯೂರೋ ಟೂರ್ನಿಗಳಲ್ಲೂ ಇದೆ: ಆರರಲ್ಲಿ ನಾಲ್ಕು. 2016, 2020, 2024ರ ಮೂರು ಯೂರೋಗಳಲ್ಲಿ ನಾಲ್ಕು ಅಂಕ ಪಡೆದು ಮೂರನೆಯದಾದ ಯಾವ ತಂಡವೂ ಹೊರಬಿದ್ದಿಲ್ಲ. ಮೂರು ಅಂಕದವರದ್ದೇ ನಿಜವಾದ ಪರದಾಟ. ಮೂರು ಅಂಕಗಳಿಂದ ಪೋರ್ಚುಗಲ್, ಉತ್ತರ ಐರ್ಲೆಂಡ್, ಉಕ್ರೇನ್, ಸ್ಲೊವೇನಿಯಾ ಮುಂದೆ ಹೋದವು. ಟರ್ಕಿ, ಅಲ್ಬೇನಿಯಾ, ಫಿನ್ಲೆಂಡ್, ಸ್ಲೊವಾಕಿಯಾ, ಹಂಗೆರಿ ಉಳಿದುಹೋದವು. ಇವುಗಳ ಗೋಲು ವ್ಯತ್ಯಾಸವನ್ನು ಅಕ್ಕಪಕ್ಕ ಇಟ್ಟರೆ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಮುಂದೆ ಹೋದವರೆಲ್ಲರದ್ದೂ ಸೊನ್ನೆ ಅಥವಾ ಮೈನಸ್ ಒಂದು. ಹೊರಬಿದ್ದವರೆಲ್ಲರದ್ದೂ ಮೈನಸ್ ಎರಡು ಅಥವಾ ಅದಕ್ಕಿಂತ ಕಡಿಮೆ. ಅಂದರೆ ಬಲಿಷ್ಠ ತಂಡದ ಎದುರು ಸೋಲುವುದು ಅನಿವಾರ್ಯವಾದಾಗ 0-1ರಲ್ಲಿ ಸೋಲುವುದಕ್ಕೂ 0-3ರಲ್ಲಿ ಸೋಲುವುದಕ್ಕೂ ಟೂರ್ನಿಯಷ್ಟೇ ಅಂತರವಿದೆ. ಎರಡು ಗೋಲು ಹಿಂದಿರುವ ಸಣ್ಣ ತಂಡವೊಂದು ಕೊನೆಯ ಹದಿನೈದು ನಿಮಿಷ ದಾಳಿ ಬಿಟ್ಟು ಕೋಟೆ ಕಾಯುವುದನ್ನು ಕಂಡರೆ ಹೇಡಿತನವೆಂದು ಬೈಯುವ ಮೊದಲು ಈ ಲೆಕ್ಕವನ್ನು ನೆನೆಯಬೇಕು.

ಭಾರತದ ಫುಟ್ಬಾಲ್ ಪ್ರೇಮಿಗಳಿಗೆ ಈ ಲೆಕ್ಕದ ಗಾಯ ಇನ್ನೂ ಹಸಿಯಾಗಿಯೇ ಇದೆ. 2019ರ ಏಷ್ಯನ್ ಕಪ್‌ನಲ್ಲೂ ಆರು ಗುಂಪು, ನಾಲ್ಕು ಮೂರನೆಯವರಿಗೆ ಅವಕಾಶ. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಎರಡು ಗೋಲು ಹೊಡೆದ ಪಂದ್ಯದಲ್ಲಿ ಭಾರತ ಥಾಯ್ಲೆಂಡ್ ಅನ್ನು 4-1ರಿಂದ ಮಣಿಸಿತು. ಬಳಿಕ ಯುಎಇ ಎದುರು 0-2 ಸೋತಿತು. ಜನವರಿ 14ರಂದು ಶಾರ್ಜಾದಲ್ಲಿ ಬಹ್ರೇನ್ ಎದುರು ಒಂದು ಡ್ರಾ ಸಾಕಿತ್ತು. ಡ್ರಾ ಆಗಿದ್ದರೆ ಭಾರತಕ್ಕೂ ಥಾಯ್ಲೆಂಡ್‌ಗೂ ತಲಾ ನಾಲ್ಕು ಅಂಕವಾಗಿ, ಮುಖಾಮುಖಿ ಗೆಲುವಿನ ಬಲದಿಂದ ಭಾರತ ಎರಡನೇ ಸ್ಥಾನದಲ್ಲಿ ನೇರವಾಗಿ ನಾಕೌಟ್ ಸೇರುತ್ತಿತ್ತು. 90 ನಿಮಿಷ ಮುಗಿದ ಮೇಲೆ ಸಿಕ್ಕ ಪೆನಾಲ್ಟಿಯನ್ನು ಬಹ್ರೇನ್‌ನ ಜಮಾಲ್ ರಶೀದ್ ಗೋಲಾಗಿಸಿದರು. ಆ ಒಂದು ಒದೆತಕ್ಕೆ ಭಾರತ ಎರಡನೇ ಸ್ಥಾನದಿಂದ ನಾಲ್ಕನೆಯದಕ್ಕೆ ಕುಸಿಯಿತು.

ಅದಕ್ಕಿಂತ ಹೆಚ್ಚು ನೋವಿನ ಸಂಗತಿ ಎರಡು ಮೂರು ದಿನಗಳ ನಂತರ ತಿಳಿಯಿತು. ಭಾರತದ್ದು ಮೂರು ಅಂಕ, ನಾಲ್ಕು ಗೋಲು ಹೊಡೆದು ನಾಲ್ಕು ಬಿಟ್ಟುಕೊಟ್ಟ ಲೆಕ್ಕ. ಇನ್ನೊಂದು ಗುಂಪಿನಲ್ಲಿ ಮೂರು ಅಂಕ ಪಡೆದು, ನಾಲ್ಕು ಹೊಡೆದು ಐದು ಬಿಟ್ಟುಕೊಟ್ಟ ವಿಯೆಟ್ನಾಂ ಮೂರನೆಯದಾಗಿ ಮುಂದೆ ಹೋಯಿತು. ಭಾರತದ ಗುಂಪಿನಲ್ಲಿ ಯಾರೂ ಎಲ್ಲ ಪಂದ್ಯ ಸೋಲಲಿಲ್ಲ, ಆದ್ದರಿಂದ ಅಂಕಗಳು ಹಂಚಿಹೋದವು. ವಿಯೆಟ್ನಾಂ ಗುಂಪಿನಲ್ಲಿ ಯೆಮನ್ ಮೂರೂ ಪಂದ್ಯ ಸೋತಿತ್ತು. ಬಿಗಿಯಾದ ಗುಂಪಿನಲ್ಲಿದ್ದದ್ದೇ ತಪ್ಪಾಯಿತು. ವಿಯೆಟ್ನಾಂನಷ್ಟೇ ಅಂಕ ಮತ್ತು ಗೋಲುಗಳಿದ್ದ ಲೆಬನಾನ್ ಎರಡು ಹಳದಿ ಕಾರ್ಡ್ ಹೆಚ್ಚಿಗೆ ಪಡೆದ ಕಾರಣಕ್ಕೆ ಹೊರಬಿತ್ತು. ಇವರಲ್ಲಿ ಯಾರೂ ಪರಸ್ಪರ ಆಡಿರಲಿಲ್ಲ.

ನನ್ನ ಮುಖ್ಯ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ಲೀಗ್ ಪಟ್ಟಿಯಲ್ಲಿ ಎಲ್ಲರೂ ಎಲ್ಲರೊಡನೆ ಆಡಿರುತ್ತಾರೆ, ಹೋಲಿಕೆಗೆ ಅರ್ಥವಿರುತ್ತದೆ. ಬೇರೆ ಬೇರೆ ಎದುರಾಳಿಗಳ ಮೇಲೆ ಗಳಿಸಿದ ಮೂರು ಅಂಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು. ಅದರ ಹಿಂದೆ ಕ್ರೀಡಾ ತರ್ಕವಿಲ್ಲ.

ಹಿಹೋನ್‌ನಿಂದ ಕ್ಯಾನ್ಸಸ್ ಸಿಟಿಗೆ

1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ಮೊದಲ ಪಂದ್ಯದಲ್ಲೇ ಪಶ್ಚಿಮ ಜರ್ಮನಿಯನ್ನು 2-1ರಿಂದ ಸೋಲಿಸಿತು. ಮಾಜೇರ್ ಮತ್ತು ಬೆಲ್ಲೂಮಿ ಗೋಲು ಹೊಡೆದ ಆ ಪಂದ್ಯ ಆಫ್ರಿಕದ ಫುಟ್ಬಾಲ್ ಇತಿಹಾಸದ ಹೆಮ್ಮೆ. ಮುಂದೆ ಆಸ್ಟ್ರಿಯಾ ಎದುರು 0-2 ಸೋತು, ಜೂನ್ 24ರಂದು ಚಿಲಿಯನ್ನು 3-2ರಿಂದ ಗೆದ್ದು ತನ್ನ ಪಂದ್ಯಗಳನ್ನು ಮುಗಿಸಿತು. ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ನಡುವಿನ ಪಂದ್ಯ ಮರುದಿನ, ಸ್ಪೇನ್‌ನ ಹಿಹೋನ್ ನಗರದಲ್ಲಿ. ಅಷ್ಟರಲ್ಲಿ ಇಬ್ಬರಿಗೂ ಲೆಕ್ಕ ಸ್ಫಟಿಕದಷ್ಟು ಸ್ಪಷ್ಟವಾಗಿತ್ತು: ಜರ್ಮನಿ ಒಂದು ಅಥವಾ ಎರಡು ಗೋಲುಗಳ ಅಂತರದಿಂದ ಗೆದ್ದರೆ ಇಬ್ಬರೂ ಮುಂದಕ್ಕೆ, ಅಲ್ಜೀರಿಯಾ ಹೊರಕ್ಕೆ. ಹತ್ತನೇ ನಿಮಿಷದಲ್ಲಿ ಹೋರ್ಸ್ಟ್ ಹ್ರುಬೆಶ್ ಜರ್ಮನಿಗೆ ಗೋಲು ಹೊಡೆದರು. ಉಳಿದ ಎಂಬತ್ತು ನಿಮಿಷ ಎರಡೂ ತಂಡಗಳು ಚೆಂಡನ್ನು ಹಿಂದಕ್ಕೂ ಪಕ್ಕಕ್ಕೂ ತಳ್ಳುತ್ತಾ ಕಾಲ ಕಳೆದವು. ಗ್ಯಾಲರಿಯಲ್ಲಿದ್ದ ಅಲ್ಜೀರಿಯಾದ ಅಭಿಮಾನಿಗಳು ಆಟಗಾರರತ್ತ ನೋಟುಗಳನ್ನು ಬೀಸಿ ತೋರಿಸಿದರು. ಅಲ್ಜೀರಿಯಾ ದೂರು ಕೊಟ್ಟಿತು, ಫಿಫಾ ತಳ್ಳಿಹಾಕಿತು. ಯಾವ ನಿಯಮವೂ ಮುರಿದಿರಲಿಲ್ಲ.

ಆದರೆ ಆ ನಾಚಿಕೆಗೇಡಿನಿಂದ ಒಂದು ಒಳ್ಳೆಯ ನಿಯಮ ಹುಟ್ಟಿತು. 1986ರ ವಿಶ್ವಕಪ್‌ನಿಂದ ಪ್ರತಿ ಗುಂಪಿನ ಕೊನೆಯ ಎರಡು ಪಂದ್ಯಗಳು ಏಕಕಾಲಕ್ಕೆ ನಡೆಯುತ್ತಿವೆ. ಯಾರಿಗೂ ಇನ್ನೊಬ್ಬರ ಫಲಿತಾಂಶ ಮೊದಲೇ ತಿಳಿಯಬಾರದು ಎಂಬುದು ಅದರ ತತ್ವ. ಕತಾರ್‌ನಲ್ಲಿ ಜಪಾನ್, ಸ್ಪೇನ್, ಜರ್ಮನಿ, ಕೋಸ್ಟರಿಕಾ ನಾಲ್ಕೂ ತಂಡಗಳ ಭವಿಷ್ಯ ನಿಮಿಷ ನಿಮಿಷಕ್ಕೆ ಬದಲಾಗುತ್ತಾ, ಕೆಲವು ನಿಮಿಷಗಳ ಕಾಲ ಸ್ಪೇನ್ ಮತ್ತು ಜರ್ಮನಿ ಎರಡೂ ಹೊರಗೆ ನಿಂತಿದ್ದ ಆ ರಾತ್ರಿಯ ರೋಮಾಂಚನವೆಲ್ಲ ಈ ನಿಯಮದ ಕೊಡುಗೆ.

ಮೂರನೇ ಸ್ಥಾನದ ಪಟ್ಟಿ ಈ ತತ್ವದ ಅರ್ಧವನ್ನು ಕಿತ್ತುಹಾಕುತ್ತದೆ. ಗುಂಪಿನೊಳಗೆ ಎಲ್ಲರೂ ಒಟ್ಟಿಗೆ ಆಡುತ್ತಾರೆ ನಿಜ, ಆದರೆ ಗುಂಪುಗಳು ಒಟ್ಟಿಗೆ ಮುಗಿಯುವುದಿಲ್ಲ. 2026ರ ವೇಳಾಪಟ್ಟಿಯಲ್ಲಿ ಎ, ಬಿ, ಸಿ ಗುಂಪುಗಳು ಜೂನ್ 24ರಂದು ಮುಗಿಯುತ್ತವೆ. ಜೆ, ಕೆ, ಎಲ್ ಗುಂಪುಗಳು ಜೂನ್ 27ರಂದು. ಮೊದಲು ಮುಗಿಸಿದ ಮೂರನೆಯವರು ಮೂರು ದಿನ ಹೋಟೆಲ್ ಕೋಣೆಯಲ್ಲಿ ಟಿವಿ ನೋಡುತ್ತಾ ಕಾಯಬೇಕು. 2016ರ ಯೂರೋದಲ್ಲಿ ಅಲ್ಬೇನಿಯಾ ಹಾಗೆ ಕಾದು, ಕೊನೆಗೆ ಇಲ್ಲವೆಂಬ ಉತ್ತರ ಪಡೆದು ಊರಿಗೆ ಹೋಯಿತು. ಕೊನೆಗೆ ಆಡುವವರಿಗೆ ಎಷ್ಟು ಅಂಕ ಬೇಕು, ಎಷ್ಟು ಗೋಲು ಬೇಕು, ಎಷ್ಟು ಸೋಲು ಸಹ್ಯ ಎಂಬುದೆಲ್ಲ ಮೊದಲೇ ಕೈಯಲ್ಲಿರುತ್ತದೆ.

ವೇಳಾಪಟ್ಟಿಯ ಕೊನೆಯ ಜೋಡಿ ಯಾವುದು ನೋಡಿ. ಜೆ ಗುಂಪಿನಲ್ಲಿ ಅರ್ಜೆಂಟೀನಾ, ಅಲ್ಜೀರಿಯಾ, ಆಸ್ಟ್ರಿಯಾ, ಜೋರ್ಡನ್ ಇವೆ. ಗುಂಪು ಹಂತದ ಕಟ್ಟಕಡೆಯ ಗಳಿಗೆಯಲ್ಲಿ, ನಮ್ಮ ಕಾಲಮಾನದ ಪ್ರಕಾರ ಜೂನ್ 28ರ ಬೆಳಿಗ್ಗೆ, ಡಲ್ಲಾಸ್‌ನಲ್ಲಿ ಜೋರ್ಡನ್ ಮತ್ತು ಅರ್ಜೆಂಟೀನಾ ಆಡುತ್ತಿರುವಾಗಲೇ ಕ್ಯಾನ್ಸಸ್ ಸಿಟಿಯಲ್ಲಿ ಮುಖಾಮುಖಿಯಾಗುವವರು ಅಲ್ಜೀರಿಯಾ ಮತ್ತು ಆಸ್ಟ್ರಿಯಾ. ಎರಡೂ ತಂಡಗಳು ಜೋರ್ಡನ್ ಅನ್ನು ಗೆದ್ದು ಅರ್ಜೆಂಟೀನಾಕ್ಕೆ ಸೋತಿವೆ ಎಂದು ಊಹಿಸಿಕೊಳ್ಳೋಣ, ಇದು ಅಸಂಭವವೇನಲ್ಲ. ಆಗ ತಲಾ ಮೂರು ಅಂಕ. ಡ್ರಾ ಆದರೆ ತಲಾ ನಾಲ್ಕು. ನಾಲ್ಕು ಅಂಕ ಮೂರನೆಯವರಿಗೆ ಸಾಕೇ ಎಂಬುದು ಉಳಿದ ಹನ್ನೊಂದು ಗುಂಪುಗಳು ಮುಗಿದಿರುವುದರಿಂದ ಇಬ್ಬರಿಗೂ ಖಚಿತವಾಗಿ ಗೊತ್ತಿರುತ್ತದೆ. ಹಿಹೋನ್‌ನಲ್ಲಿ ಬಲಿಪಶುವಾಗಿದ್ದ ದೇಶ ಮತ್ತು ಆ ಒಪ್ಪಂದದ ಆರೋಪ ಹೊತ್ತ ಎರಡು ದೇಶಗಳಲ್ಲಿ ಒಂದು, ಹಿಹೋನ್‌ನಂಥದೇ ಪ್ರಲೋಭನೆಯ ಮುಂದೆ ಒಟ್ಟಿಗೆ ನಿಲ್ಲಬೇಕಾಗಬಹುದು. ಆ ಆಟಗಾರರ ಪ್ರಾಮಾಣಿಕತೆಯನ್ನು ಶಂಕಿಸಲು ನನಗೆ ಯಾವ ಕಾರಣವೂ ಇಲ್ಲ. ಅವರನ್ನು ಅಂಥ ಸ್ಥಿತಿಯಲ್ಲಿ ನಿಲ್ಲಿಸುವ ವ್ಯವಸ್ಥೆಯ ಮೇಲೆಯೇ ನನ್ನ ಸಿಟ್ಟು.

ಇದಲ್ಲದೆ ಮುಂದಿನ ಸುತ್ತಿನಲ್ಲೂ ಒಂದು ಏರುಪೇರಿದೆ. ಹನ್ನೆರಡು ಗುಂಪುಗಳ ವಿಜೇತರಲ್ಲಿ ಎಂಟು ತಂಡಗಳಿಗೆ ಮೂರನೇ ಸ್ಥಾನದವರು ಎದುರಾಳಿಗಳು, ಉಳಿದ ನಾಲ್ಕಕ್ಕೆ ಎರಡನೇ ಸ್ಥಾನದವರು. ಅರ್ಜೆಂಟೀನಾ ಇರುವ ಜೆ ಗುಂಪಿನ ವಿಜೇತರು ಸ್ಪೇನ್, ಉರುಗ್ವೆ ಇರುವ ಎಚ್ ಗುಂಪಿನ ಎರಡನೆಯವರನ್ನು ಎದುರಿಸಬೇಕು. ಗುಂಪು ಗೆದ್ದ ಸಾಧನೆ ಒಂದೇ, ಸಿಗುವ ಪ್ರತಿಫಲ ಬೇರೆ ಬೇರೆ. ಹನ್ನೆರಡರಲ್ಲಿ ಯಾವ ಎಂಟು ಗುಂಪುಗಳ ಮೂರನೆಯವರು ಬರುತ್ತಾರೆ ಎಂಬುದಕ್ಕೆ 495 ಸಾಧ್ಯತೆಗಳಿದ್ದು, ಪ್ರತಿಯೊಂದಕ್ಕೂ ಯಾರು ಯಾರ ಎದುರು ಎಂಬ ಕೋಷ್ಟಕವನ್ನು ಮೊದಲೇ ಸಿದ್ಧಪಡಿಸಿ ನಿಯಮಾವಳಿಗೆ ಲಗತ್ತಿಸಲಾಗಿದೆ.

ಎದುರು ವಾದವನ್ನು ತಳ್ಳಿಹಾಕುವಂತಿಲ್ಲ. 2024ರಲ್ಲಿ ಮೊದಲ ಬಾರಿಗೆ ಯೂರೋಗೆ ಬಂದ ಜಾರ್ಜಿಯಾ, ಪೋರ್ಚುಗಲ್ ಅನ್ನು 2-0ರಿಂದ ಸೋಲಿಸಿ ನಾಕೌಟ್ ಸೇರಿದ್ದು ಮೂರನೇ ಸ್ಥಾನದ ಬಾಗಿಲಿನಿಂದಲೇ. 2016ರಲ್ಲಿ ಮೂರು ಡ್ರಾಗಳೊಂದಿಗೆ ಮೂರನೆಯದಾಗಿ ತೆವಳಿಕೊಂಡು ಮುಂದೆ ಬಂದ ಪೋರ್ಚುಗಲ್ ಯೂರೋ ಚಾಂಪಿಯನ್ ಆಯಿತು. 1990ರಲ್ಲಿ ಅರ್ಜೆಂಟೀನಾ, 1994ರಲ್ಲಿ ಇಟಲಿ ಮೂರನೆಯವರಾಗಿ ಮುಂದೆ ಹೋಗಿ ಫೈನಲ್ ಆಡಿದವು. ಕ್ಯುರಸಾವ್, ಕೇಪ್ ವರ್ಡೆ, ಜೋರ್ಡನ್, ಉಜ್ಬೆಕಿಸ್ತಾನ್ ಮೊದಲ ಸಲ ವಿಶ್ವಕಪ್‌ಗೆ ಕಾಲಿಡುವಾಗ ಒಂದು ಗೆಲುವು ಸಿಕ್ಕರೂ ಸಾಕು ಎಂಬ ಆಸೆ ಅವುಗಳ ಜನರಿಗೆ ಎಷ್ಟು ದೊಡ್ಡದು ಎಂಬುದನ್ನು, 2019ರ ಆ ಎರಡು ವಾರ ನಮ್ಮ ತಂಡವನ್ನು ಹಿಂಬಾಲಿಸಿದವರು ಚೆನ್ನಾಗಿ ಬಲ್ಲರು. ಆದರೆ ಇದೇ ಬಾಗಿಲಿನಿಂದ 1986ರಲ್ಲಿ ಡೆನ್ಮಾರ್ಕ್‌ಗೆ 1-6 ಸೋತು, ಒಂದೂ ಪಂದ್ಯ ಗೆಲ್ಲದ ಉರುಗ್ವೆಯೂ ಒಳಗೆ ಬಂದಿತ್ತು.

ಫಿಫಾದ ಮೊದಲ ಯೋಜನೆ ಇದಕ್ಕಿಂತ ಕೆಟ್ಟದಾಗಿತ್ತು ಎಂಬುದನ್ನೂ ಹೇಳಬೇಕು. 2017ರಲ್ಲಿ ತೀರ್ಮಾನವಾಗಿದ್ದದ್ದು ತಲಾ ಮೂರು ತಂಡಗಳ 16 ಗುಂಪುಗಳು. ಹಾಗಾಗಿದ್ದರೆ ಪ್ರತಿ ಗುಂಪಿನ ಕೊನೆಯ ಪಂದ್ಯಕ್ಕೆ ಒಂದು ತಂಡ ಕೈಕಟ್ಟಿ ಕುಳಿತು ನೋಡಬೇಕಾಗಿತ್ತು. ಹದಿನಾರು ಗುಂಪುಗಳಲ್ಲಿ ಹದಿನಾರು ಹಿಹೋನ್‌ಗಳಿಗೆ ದಾರಿಯಾಗುತ್ತಿತ್ತು. ಕತಾರ್‌ನ ಕೊನೆಯ ದಿನಗಳ ರೋಮಾಂಚನ ನೋಡಿದ ಮೇಲೆ, 2023ರ ಮಾರ್ಚ್‌ನಲ್ಲಿ ಅದನ್ನು ಕೈಬಿಟ್ಟು ನಾಲ್ಕು ತಂಡಗಳ ಗುಂಪುಗಳಿಗೆ ಮರಳಿದರು. ಅದು ಸರಿಯಾದ ತೀರ್ಮಾನವೇ.

ಉಳಿದಿರುವ ದೋಷಕ್ಕೆ ಪೂರ್ಣ ಪರಿಹಾರ ಸುಲಭವಿಲ್ಲ. ಎಲ್ಲ ಗುಂಪುಗಳ ಕೊನೆಯ ಪಂದ್ಯಗಳನ್ನು ಒಟ್ಟಿಗೆ ಆಡಿಸಲು 24 ಮೈದಾನಗಳು ಬೇಕು. 2026ಕ್ಕೆ ಇರುವುದು 16. ದಕ್ಷಿಣ ಅಮೆರಿಕದ ಫುಟ್ಬಾಲ್ ಒಕ್ಕೂಟ 2030ಕ್ಕೆ ಮುಂದಿಟ್ಟಿರುವ 64 ತಂಡಗಳ ಪ್ರಸ್ತಾಪದಲ್ಲಿ ಮೂರನೆಯವರ ಪಟ್ಟಿಯೇ ಬೇಕಾಗುವುದಿಲ್ಲ, ಏಕೆಂದರೆ 16 ಗುಂಪುಗಳಿಂದ ತಲಾ ಇಬ್ಬರು ಬಂದರೆ ಲೆಕ್ಕ ಸರಿಯಾಗಿ 32. ಆದರೆ ಗುಂಪು ಹಂತಕ್ಕೇ 96 ಪಂದ್ಯಗಳಾಗುವ ಟೂರ್ನಿಯನ್ನು ಆಟಗಾರರ ಮೊಣಕಾಲುಗಳು ತಡೆದುಕೊಳ್ಳಬೇಕಲ್ಲ. 32 ತಂಡಗಳಿಗೆ ಹಿಂದಿರುಗುವುದು ನನ್ನ ಮನಸ್ಸಿಗೆ ಒಪ್ಪುವ ದಾರಿ. ಹೆಚ್ಚಿದ ಪಂದ್ಯಗಳಿಂದ ಬರುವ ಹಣವನ್ನು ನೋಡಿದರೆ ಅದು ಆಗದ ಮಾತು.

ಆಗುವಂಥದ್ದು ಒಂದಿದೆ. ಕೊನೆಯ ದಿನದ ಮೂರು ಗುಂಪುಗಳ ಆರು ಪಂದ್ಯಗಳನ್ನು ಈಗ ಒಂದರ ಹಿಂದೊಂದು ಜೋಡಿಯಾಗಿ ಇಟ್ಟಿರುವುದು ದೂರದರ್ಶನದ ಪ್ರಸಾರಕ್ಕಾಗಿ. ಆ ಆರನ್ನು ಒಂದೇ ಗಳಿಗೆಗೆ ಆರಂಭಿಸಬಹುದು. 2025ರ ಜನವರಿ 29ರಂದು ಚಾಂಪಿಯನ್ಸ್ ಲೀಗ್‌ನ 18 ಪಂದ್ಯಗಳನ್ನು ಯುರೋಪಿನಾದ್ಯಂತ ಏಕಕಾಲಕ್ಕೆ ಆಡಿಸಿ ತೋರಿಸಿದ್ದಾರೆ. ಆರು ಪಂದ್ಯಗಳಿಗೆ ಮೈದಾನಗಳಿವೆ, ಕ್ಯಾಮೆರಾಗಳಿವೆ. ಹಾಗೆ ಮಾಡಿದರೂ ಮೊದಲ ಮೂರು ದಿನ ಮುಗಿಸಿದ ಗುಂಪುಗಳ ಅನನುಕೂಲ ಉಳಿಯುತ್ತದೆ, ಆದರೆ ಹನ್ನೊಂದು ಗುಂಪುಗಳ ಉತ್ತರಪತ್ರಿಕೆ ಕೈಯಲ್ಲಿ ಹಿಡಿದು ಕಣಕ್ಕಿಳಿಯುವ ಸೌಲಭ್ಯ ಯಾರಿಗೂ ಇರುವುದಿಲ್ಲ. 2030ರ ವೇಳಾಪಟ್ಟಿ ಬರೆಯುವವರು ಇಷ್ಟನ್ನಾದರೂ ಮಾಡಬೇಕು.